ಬಸುರಿಯಲ್ಲಿ ಟಾಕ್ಸೊಪ್ಲಾಸ್ಮಾ ಪಾಸಿಟಿವ್ ಬಂದರೆ ಮಗುವಿಗೆ ಏನಾಗುತ್ತದೆ? ಬೆಕ್ಕನ್ನು ಬಿಟ್ಟುಬರಬೇಕೇ?

ಶಿರಸಿ ಹತ್ತಿರದ ತೋಟದ ಮನೆ, ನಾಲ್ಕು ತಿಂಗಳು, ಟಾರ್ಚ್ ರಿಪೋರ್ಟಿನಲ್ಲಿ (ತಾಯಿಯಿಂದ ಮಗುವಿಗೆ ದಾಟಬಲ್ಲ ಸೋಂಕುಗಳ ರಕ್ತಪರೀಕ್ಷೆ) ಟಾಕ್ಸೊಪ್ಲಾಸ್ಮಾ ಐಜಿಜಿ ಪಾಸಿಟಿವ್, ಬೆಕ್ಕನ್ನು ಬಿಟ್ಟುಬನ್ನಿ ಅನ್ನುತ್ತಿದ್ದಾರೆ ಅತ್ತೆ ಎಂದು ಬರೆದಿದ್ದೀರಿ. ಓದಿ ಸುಮ್ಮನಿರಲಾಗಲಿಲ್ಲ. ಟಾಕ್ಸೊಪ್ಲಾಸ್ಮಾ ಅಂದರೆ ಬೆಕ್ಕಿನ ಮಲದಿಂದಲೂ ಅರೆಬೆಂದ ಮಾಂಸದಿಂದಲೂ ಹರಡುವ, ಕಣ್ಣಿಗೆ ಕಾಣದ ಪರಾವಲಂಬಿ ಜೀವಿ. ನನ್ನ ಮಗನಿಗೆ ಅದರ ಸೋಂಕು ಹೊಟ್ಟೆಯಲ್ಲಿದ್ದಾಗಲೇ ತಗುಲಿತ್ತು. ಈಗ ಅವನಿಗೆ ಒಂಬತ್ತು ವರ್ಷ.

ಮೊದಲು ರಿಪೋರ್ಟನ್ನು ಮತ್ತೊಮ್ಮೆ ನೋಡಿ. ಐಜಿಜಿ ಅಂದರೆ ಸೋಂಕು ಎಂದೋ ತಗುಲಿದ್ದರೂ ರಕ್ತದಲ್ಲಿ ಉಳಿಯುವ ಪ್ರತಿಕಾಯ, ಐಜಿಎಂ ಅಂದರೆ ಸೋಂಕಿನ ಶುರುವಿನಲ್ಲಿ ಬರುವ ಪ್ರತಿಕಾಯ. ಐಜಿಎಂ ನೆಗೆಟಿವ್ ಇದ್ದರೆ ಸೋಂಕು ಬಹುತೇಕ ಹಳೆಯದು. ಬಸುರಾಗುವ ಮೊದಲೇ ಬಂದು ಹೋದದ್ದು ಸಾಮಾನ್ಯವಾಗಿ ಮಗುವಿಗೆ ದಾಟುವುದಿಲ್ಲ. ಐಜಿಎಂ ಕೂಡ ಪಾಸಿಟಿವ್ ಇದ್ದರೂ ಧೈರ್ಯಗೆಡಬೇಡಿ, ಕೆಲವರಲ್ಲಿ ಅದು ವರ್ಷಕ್ಕೂ ಮೀರಿ ಉಳಿಯುತ್ತದೆ. ಐಜಿಜಿ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದು ನೋಡಿ ಸೋಂಕು ಹಳೆಯದೋ ಹೊಸದೋ ಅಂದಾಜಿಸುವ ಅವಿಡಿಟಿ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ. ಅವಿಡಿಟಿ ಹೆಚ್ಚಿದ್ದರೆ ಅದು ಕಳೆದ ಮೂರ್ನಾಲ್ಕು ತಿಂಗಳಲ್ಲಿ ಬಂದ ಸೋಂಕಲ್ಲ. ಹೊಸದೇ ಆಗಿದ್ದರೆ ಔಷಧಿಗೆ ತಡ ಮಾಡಬಾರದು.

ನನಗೆ ಐದನೇ ತಿಂಗಳಲ್ಲಿ ನಾಲ್ಕು ದಿನ ಸಣ್ಣ ಜ್ವರ, ಕುತ್ತಿಗೆಯಲ್ಲಿ ಗಂಟು. ಮಳೆಯಲ್ಲಿ ನೆನೆದದ್ದಕ್ಕೆ ಅಂದುಕೊಂಡೆವು. ಹುಟ್ಟಿದಾಗ ಮಗು ಚೆನ್ನಾಗಿಯೇ ಇತ್ತು. ನಾಲ್ಕು ತಿಂಗಳಾದಾಗ ಎಣ್ಣೆ ಹಚ್ಚುತ್ತಿದ್ದೆ, ನೆತ್ತಿ ಬಿಗಿದು ಉಬ್ಬಿದ್ದು ಬೆರಳಿಗೆ ಗೊತ್ತಾಯಿತು. ಕಣ್ಣಗುಡ್ಡೆ ಕೆಳರೆಪ್ಪೆಯೊಳಗೆ ಇಳಿದು ಮೇಲೆ ಬಿಳಿ ಕಾಣುತ್ತಿತ್ತು. ನರ್ಸ್ ಟೇಪು ಹಿಡಿದರೆ ತಲೆ ಸುತ್ತಳತೆ 45 ಸೆಂಟಿಮೀಟರ್. ಇರಬೇಕಾದ್ದು 42ರ ಆಸುಪಾಸು. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಮಿದುಳಿನ ತುಂಬ ರವೆ ಚೆಲ್ಲಿದ ಹಾಗೆ ಸುಣ್ಣದ ಚುಕ್ಕೆಗಳು. ಸೋಂಕಿನ ಉರಿಯೂತದಿಂದ ಮಿದುಳಿನ ನೀರು ಇಳಿಯುವ ಸಣ್ಣ ಹಾದಿ ಕಟ್ಟಿಹೋಗಿ, ನೀರು ಒಳಗೇ ತುಂಬಿತ್ತು. ಆ ನೀರನ್ನು ಹೊಟ್ಟೆಗೆ ಇಳಿಸಲು ಶಂಟ್ ಎಂಬ ಕೊಳವೆ ಹಾಕಿದರು. ಇಂದಿಗೂ ತಲೆ ಬಾಚುವಾಗ ಕಿವಿಯ ಹಿಂದೆ ಆ ಕೊಳವೆ ಕೈಗೆ ತಾಗುತ್ತದೆ. ಒಂದು ವರ್ಷ ಪೈರಿಮೆಥಮಿನ್, ಸಲ್ಫಾಡಯಾಜಿನ್, ಫೋಲಿನಿಕ್ ಆಸಿಡ್ ಎಂಬ ಔಷಧಿಗಳನ್ನು ಕೊಟ್ಟೆವು. ರಕ್ತಕಣ ಕಡಿಮೆಯಾಗಬಹುದೆಂದು ಪದೇ ಪದೇ ರಕ್ತ ತೆಗೆಯುತ್ತಿದ್ದರು. ಈಗ ಶಾಲೆಗೆ ಹೋಗುತ್ತಾನೆ, ಲೆಕ್ಕ ಚೆನ್ನಾಗಿ ಮಾಡುತ್ತಾನೆ. ಬಲಗಣ್ಣಿನ ನಡುವಿನ ದೃಷ್ಟಿ ಮಾತ್ರ ಇಲ್ಲ. ಕಣ್ಣಿನ ಒಳಪದರದ ಗಾಯ ದೊಡ್ಡವನಾದ ಮೇಲೂ ಕೆರಳಬಹುದು, ಅದಕ್ಕೇ ಕಣ್ಣಿನ ತಪಾಸಣೆ ತಪ್ಪಿಸುವುದಿಲ್ಲ.

ಮಾಂಸ ತಿನ್ನದ ಮನೆಗೆ ಇದು ಹೇಗೆ ಬಂತು ಎಂದು ನೆಂಟರೆಲ್ಲ ಕೇಳಿದರು. ಬೆಕ್ಕಿನ ಮಲದಲ್ಲಿ ಬೀಳುವ ಇದರ ಮೊಟ್ಟೆ ಹಸಿ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ನಾನೋ ತೋಟದಂಚಿನ ಒಂದೆಲಗ ಕಿತ್ತು, ಒಮ್ಮೆ ನೀರಿನಲ್ಲಿ ಅದ್ದಿ, ಹಸಿಯಾಗಿಯೇ ಬೀಸಿ ತಂಬುಳಿ ಮಾಡುತ್ತಿದ್ದೆ.

ಬೆಕ್ಕು ಇರಲಿ. ಅದರ ಹೊಲಸನ್ನು ಬೇರೆಯವರು ದಿನವೂ ತೆಗೆಯಲಿ, ಆ ಮೊಟ್ಟೆ ಸೋಂಕು ಹರಡುವಂತಾಗಲು ಕನಿಷ್ಠ ಒಂದು ದಿನವಾದರೂ ಬೇಕು. ನೀವು ಗ್ಲೌಸ್ ಇಲ್ಲದೆ ಮಣ್ಣು ಮುಟ್ಟಬೇಡಿ. ಹೆರಿಗೆಯವರೆಗೆ ಸೊಪ್ಪು ಬೇಯಿಸಿಯೇ ತಿನ್ನಿ. ತಂಬುಳಿ ಬೇಕೆನಿಸಿದರೆ ಮೆಂತ್ಯ, ಜೀರಿಗೆ ಹುರಿದು ಮಾಡಿಕೊಳ್ಳಿ.