‘ಷ್ಟೆರ್ಬೆನ್’ ಮತ್ತು ‘ಸ್ತಬ್ಧ’: ಇಲ್ಲದ ನಂಟು

ಪ್ರಶ್ನೆ: ‘ಸಾಯು’ ಎಂಬರ್ಥದ ಜರ್ಮನ್ ಕ್ರಿಯಾಪದ ‘ಷ್ಟೆರ್ಬೆನ್’ ನಮ್ಮ ‘ಸ್ತಬ್ಧ’ದಿಂದಲೇ ಹುಟ್ಟಿದ್ದಲ್ಲವೇ?

ಉತ್ತರ: ಅಲ್ಲ. ಪದೇ ಪದೇ ಇದೇ ಪ್ರಶ್ನೆ ಬರುತ್ತಿರುವುದರಿಂದ ಈ ಬಾರಿ ವಿವರವಾಗಿಯೇ ಹೇಳುತ್ತೇನೆ. ಸ್ತಬ್ಧ, ಸ್ತಂಭಗಳ ಧಾತುವಿನಲ್ಲಿ ರೇಫ, ಅಂದರೆ ರಕಾರ, ಇಲ್ಲ. ಜರ್ಮನ್ನಿನಲ್ಲಿ ಅದಕ್ಕೆ ನಂಟಿರುವುದು ಕೋಲು ಎಂಬರ್ಥದ ‘ಷ್ಟಾಬ್’ ಪದಕ್ಕೆ. ‘ಷ್ಟೆರ್ಬೆನ್’ನ ರೇಫ ಎಲ್ಲಿಂದ ಬಂತೆಂದು ಕೇಳಿಕೊಳ್ಳದೆ, ಕಿವಿಗೆ ಹೋಲಿತೆಂದು ಪದಗಳಿಗೆ ವಂಶವೃಕ್ಷ ಬರೆಯುವವರು ಓದುಗರನ್ನು ದಾರಿ ತಪ್ಪಿಸುತ್ತಿದ್ದಾರೆ.

ಇದರ ನಿಜವಾದ ಒಡಹುಟ್ಟು ಡಚ್ಚಿನ ‘ಸ್ಟೆರ್ವೆನ್’ ಮತ್ತು ಇಂಗ್ಲಿಷಿನ ‘ಸ್ಟಾರ್ವ್’. ಜರ್ಮನ್ನಿನ ಬಕಾರಕ್ಕೆ ಇಂಗ್ಲಿಷಿನಲ್ಲಿ ವಕಾರ ಬರುವುದು ನಿಯಮ: ಗೇಬೆನ್–ಗಿವ್, ಲೇಬೆನ್–ಲಿವ್, ಜೀಬೆನ್–ಸೆವೆನ್. ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ ಸಾಯುವುದೆಂದಷ್ಟೇ ಅರ್ಥವಿತ್ತು. ಸಾಯುವುದಕ್ಕೆ ‘ಡೈ’ ರೂಢಿಗೆ ಬಂದ ಮೇಲೆ ಅದು ಹಸಿವಿನಿಂದ ಸಾಯುವುದಕ್ಕೆ ಸೀಮಿತವಾಯಿತು. ಷ್ಟೆರ್ಬೆನ್, ಷ್ಟಾರ್ಪ್, ಗೆಷ್ಟೊರ್ಬೆನ್ ಎಂದು ಕಾಲಕ್ಕೆ ತಕ್ಕಂತೆ ಒಳಗಿನ ಸ್ವರ ಬದಲಾಗುವುದನ್ನೂ ಗಮನಿಸಿ; ಎರವಲು ಬಂದ ಕ್ರಿಯಾಪದಗಳು ಹೀಗೆ ರೂಪ ಪಡೆಯುವುದು ಅಪರೂಪ.

ಮೂಲದಲ್ಲಿ ಇದರ ಅರ್ಥ ‘ಸೆಟೆದುಕೊಳ್ಳು’ ಎಂದಿದ್ದಿರಬೇಕು. ಸ್ನಾಯುಗಳು ಬಿಗಿದು ದೇಹ ಸೆಟೆಯುವ ಧನುರ್ವಾಯುವಿಗೆ ಸ್ಕ್ಯಾಂಡಿನೇವಿಯಾದ ಪ್ರಾಚೀನ ಭಾಷೆಯಾದ ಹಳೆಯ ನಾರ್ಸ್‌ನಲ್ಲಿರುವ ಹೆಸರು ಇದೇ ಧಾತುವಿನದು. ಬಿಗಿದ, ಮರಗಟ್ಟಿದ ಎಂಬರ್ಥದ ಜರ್ಮನ್ ‘ಷ್ಟಾರ್’ ಪದವನ್ನೂ ಇದರ ಬಳಗಕ್ಕೆ ಸೇರಿಸುತ್ತಾರೆ. ಸಾವಿನ ಹೆಸರೆತ್ತಲು ಅಂಜಿ, ಕಣ್ಣಿಗೆ ಕಂಡ ಹೆಣದ ಬಿಗಿತವನ್ನೇ ಜನ ಹೇಳಿದರೆಂದು ನಾನು ನಂಬುತ್ತೇನೆ. ಒರಟು ಮಾತಿನಲ್ಲಿ ಸಾಯುವುದಕ್ಕೆ ಬಳಸುವ ‘ಫೆರೆಕೆನ್’ ಕೂಡ ಕೈಕಾಲು ಚಾಚುವುದರಿಂದಲೇ ಬಂದದ್ದು. ಆದರೂ ಈ ಮೂಲಾರ್ಥ ಬಳಗದ ಪದಗಳನ್ನು ಹೋಲಿಸಿ ಕಟ್ಟಿದ್ದೇ ಹೊರತು ಯಾವ ಬರಹದಲ್ಲೂ ಸಿಕ್ಕಿದ್ದಲ್ಲ. ನಮಗೆ ಉಳಿದುಬಂದಿರುವ 4ನೇ ಶತಮಾನದ ಗೋಥಿಕ್ (ಜರ್ಮನ್ ಬಳಗದ, ಈಗ ಅಳಿದುಹೋದ ಭಾಷೆ) ಬೈಬಲ್ ಅನುವಾದದಲ್ಲಿ ಸಾಯುವುದಕ್ಕೆ ಬೇರೆಯೇ ಕ್ರಿಯಾಪದಗಳಿವೆ. ಆದ್ದರಿಂದ ಇದನ್ನು ಖಚಿತವೆಂದು ಯಾರಿಗೂ ಬೋಧಿಸಬೇಡಿ.

ಪ್ರಶ್ನೆ: ನಕ್ಷತ್ರವೆಂಬ ಅರ್ಥದ ‘ಷ್ಟೆರ್ನ್’ಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಇಲ್ಲ, ಅದರ ಧಾತುವೇ ಬೇರೆ.

ಪ್ರಶ್ನೆ: ಕನ್ನಡದ ‘ಸಾಯು’ವಿಗೆ?

ಉತ್ತರ: ಅದು ತಮಿಳಿನ ‘ಸಾ’ದೊಂದಿಗೆ ಸೇರುವ ದ್ರಾವಿಡ ಪದ.

ಪ್ರಶ್ನೆ: ಹಾಗಾದರೆ ಸಾವಿನ ಮಾತುಗಳಲ್ಲಿ ಸಂಸ್ಕೃತಕ್ಕೂ ಜರ್ಮನ್ನಿಗೂ ನಂಟೇ ಇಲ್ಲವೇ?

ಉತ್ತರ: ಇದೆ. ಮರಣ, ಮೃತ್ಯುಗಳ ಧಾತುವೂ ಕೊಲೆ ಎಂಬರ್ಥದ ಜರ್ಮನ್ ‘ಮೊರ್ಟ್’ನ ಧಾತುವೂ ಒಂದೇ, ಎರಡೂ ಒಂದೇ ಪೂರ್ವಜ ಭಾಷೆಯಿಂದ ಬಂದವು, ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ.