ಕೊಪ್ಪಳ, ಸಂಡೂರು ಕಡೆಯ ಬಂಡೆ ಹಾದಿಗೆ ಫೋರ್ಕ್ ಟ್ರಾವೆಲ್ ಎಷ್ಟಿರಬೇಕು, ಹೆಡ್ ಆಂಗಲ್ ಎಷ್ಟಿರಬೇಕು?

ನೀವು ಕೇಳಿರುವುದು ಇಷ್ಟು: ಈಗ ನಿಮ್ಮ ಬಳಿ ಇರುವುದು 29 ಇಂಚು ಚಕ್ರದ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮೌಂಟೇನ್ ಸೈಕಲ್. ಮುಂದೆ 100 ಮಿ.ಮೀ. ಟ್ರಾವೆಲ್‌ನ (ಫೋರ್ಕ್ ಕುಸಿಯಬಲ್ಲ ದೂರ) ಸ್ಪ್ರಿಂಗ್ ಫೋರ್ಕ್, ಹೆಡ್ ಆಂಗಲ್ 69 ಡಿಗ್ರಿ. ವಾಸ ಕೊಪ್ಪಳ. ಭಾನುವಾರಗಳಲ್ಲಿ ಆನೆಗೊಂದಿ, ಸಾಣಾಪುರದ ಬಂಡೆಗಳ ನಡುವೆ ಓಡಿಸುತ್ತೀರಿ, ವರ್ಷಕ್ಕೊಮ್ಮೆ ಸಂಡೂರಿನ ಗುಡ್ಡಗಳಿಗೆ ಹೋಗುತ್ತೀರಿ. ಇದೇ ಸೈಕಲ್ಲಿಗೆ 140ರ ಫೋರ್ಕ್ ಹಾಕಿಸುವುದೋ, 150 ಟ್ರಾವೆಲ್ ಮತ್ತು 64 ಡಿಗ್ರಿಯ ಹೊಸ ಹಾರ್ಡ್‌ಟೇಲನ್ನೇ ಕೊಳ್ಳುವುದೋ ಎಂದು ಯೋಚಿಸುತ್ತಿದ್ದೀರಿ.

ಎರಡೂ ಬೇಡ ಎನ್ನುತ್ತೇನೆ. ನಾನು ಗಂಗಾವತಿಯವನು, ನೀವು ಹೇಳುವ ಹಾದಿಗಳಲ್ಲೇ ಓಡಾಡುವವನು. ಈ ನೆಲಕ್ಕೆ 120ರಿಂದ 130 ಮಿ.ಮೀ. ಟ್ರಾವೆಲ್, 65.5ರಿಂದ 66 ಡಿಗ್ರಿ ಹೆಡ್ ಆಂಗಲ್ ಇರುವ ಹಾರ್ಡ್‌ಟೇಲ್ ಸಾಕು; ಸಾಕು ಎನ್ನುವುದಕ್ಕಿಂತ ಅದೇ ಸರಿ. ಅದಕ್ಕಿಂತ ಮುಖ್ಯವಾಗಿ, ಉದ್ದದ ಫೋರ್ಕ್ ಹಾಕಿಸಿ ಆಂಗಲ್ ತಗ್ಗಿಸುತ್ತೇನೆ ಎಂಬ ಲೆಕ್ಕ ಹಾರ್ಡ್‌ಟೇಲಿನಲ್ಲಿ ನಡೆಯುವುದಿಲ್ಲ. ಯಾಕೆಂದು ಹೇಳುತ್ತೇನೆ.

ಹೆಡ್ ಆಂಗಲ್ ಎಂದರೆ ಹ್ಯಾಂಡಲ್ ತಿರುಗುವ ಅಕ್ಷ ನೆಲದೊಂದಿಗೆ ಮಾಡುವ ಕೋನ ಎನ್ನುವುದು ನಿಮಗೆ ಗೊತ್ತೇ ಇದೆ. ಡಿಗ್ರಿ ಕಡಿಮೆಯಾದಷ್ಟೂ ಮುಂದಿನ ಚಕ್ರ ಸವಾರನಿಂದ ಮುಂದಕ್ಕೆ ಹೋಗುತ್ತದೆ. ಆ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ತಾಗುವ ಬಿಂದುವಿಗೂ ಟೈರ್ ನೆಲ ಮುಟ್ಟುವ ಬಿಂದುವಿಗೂ ನಡುವಿನ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಚಕ್ರ ತನ್ನಷ್ಟಕ್ಕೆ ನೇರವಾಗಿ ಉರುಳುವಂತೆ ಮಾಡುವುದರಲ್ಲಿ ಈ ಅಂತರದ ಪಾತ್ರ ದೊಡ್ಡದು. 29 ಇಂಚಿನ ಚಕ್ರ, 44 ಮಿ.ಮೀ. ಆಫ್‌ಸೆಟ್ (ಹ್ಯಾಂಡಲ್ ತಿರುಗುವ ಅಕ್ಷಕ್ಕಿಂತ ಚಕ್ರದ ಅಚ್ಚು ಮುಂದಿರುವ ದೂರ) ಇಟ್ಟುಕೊಂಡು ಲೆಕ್ಕ ಹಾಕಿದರೆ 69 ಡಿಗ್ರಿಗೆ ಸುಮಾರು 95 ಮಿ.ಮೀ., 66ಕ್ಕೆ 117, 64ಕ್ಕೆ 131 ಬರುತ್ತದೆ. ಅಂದರೆ ಡಿಗ್ರಿಗೆ ಏಳು ಮಿ.ಮೀ.ನಷ್ಟು ವ್ಯತ್ಯಾಸ. ಕೈಗೆ ಚೆನ್ನಾಗಿ ತಿಳಿಯುವಷ್ಟು ವ್ಯತ್ಯಾಸವೇ ಇದು.

ಈಗ ನಮ್ಮ ಬಂಡೆಗಳಿಗೆ ಬನ್ನಿ. ಇಲ್ಲಿನ ಇಳಿಜಾರುಗಳು ಗಿಡ್ಡ, ಆದರೆ ಕಡಿದು. ಹಾಸುಬಂಡೆಯ ಬೆನ್ನಿನ ಮೇಲೆ ಟೈರ್ ಒಳ್ಳೆಯ ಹಿಡಿತ ಕೊಡುತ್ತದೆ. ಒಣಗಿದ ಕಣಶಿಲೆ ಉಪ್ಪುಕಾಗದದಷ್ಟೇ ಒರಟು. ಹಾಗಾಗಿ ಬಂಡೆಯ ಮೇಲಿರುವಾಗ ಭಯವಿಲ್ಲ. ಅಪಾಯ ಇರುವುದು ಬಂಡೆ ಮುಗಿಯುವ ಜಾಗದಲ್ಲಿ. ಮಳೆನೀರು ತಂದು ಸುರಿದ ದಪ್ಪ ಮರಳು ಅಲ್ಲಿ ಗೇಣುದ್ದ ನಿಂತಿರುತ್ತದೆ. ಚಕ್ರ ಬಂಡೆಯಿಂದ ಇಳಿದು ಆ ಮರಳಿಗೆ ಹೊಕ್ಕಾಗ ಎರಡು ಸಂಗತಿಗಳು ಒಮ್ಮೆಗೇ ನಡೆಯುತ್ತವೆ: ಇಳಿಜಾರು ತಟ್ಟನೆ ಸಮತಟ್ಟಾಗಿ ಫೋರ್ಕ್ ಆಳಕ್ಕೆ ಕುಸಿಯುತ್ತದೆ, ಮರಳು ಚಕ್ರವನ್ನು ತಡೆದು ಮೈಭಾರವನ್ನೆಲ್ಲ ಮುಂದಕ್ಕೆ ತಳ್ಳುತ್ತದೆ. ಹ್ಯಾಂಡಲ್ ಮೇಲಿಂದ ಉರುಳಿ ಬೀಳುವವರು ಬೀಳುವುದು ಬಹುಪಾಲು ಈ ಒಂದು ಅಡಿ ಜಾಗದಲ್ಲೇ. ಹೆಡ್ ಆಂಗಲ್ ಎಷ್ಟಿದೆ ಎಂದು ಕೇಳಬೇಕಾದದ್ದು ಆ ಕ್ಷಣದಲ್ಲಿ, ಅಂಗಡಿಯಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದಾಗ ಅಲ್ಲ.

ಹಾರ್ಡ್‌ಟೇಲಿನ ಹಿಂಭಾಗ ಕುಸಿಯುವುದಿಲ್ಲ. ಹಾಗಾಗಿ ಫೋರ್ಕ್ ಕುಸಿದಷ್ಟೂ ಇಡೀ ಸೈಕಲ್ ಹಿಂದಿನ ಅಚ್ಚಿನ ಸುತ್ತ ಮುಂದಕ್ಕೆ ಬಾಗುತ್ತದೆ, ಹೆಡ್ ಆಂಗಲ್ ಕಡಿದಾಗುತ್ತದೆ. ಫೋರ್ಕಿನ ಪ್ರತಿ 10 ಮಿ.ಮೀ.ಗೆ ಸುಮಾರು 0.45 ಡಿಗ್ರಿ, ಬಾಯಿಲೆಕ್ಕಕ್ಕೆ ಅರ್ಧ ಡಿಗ್ರಿ ಎನ್ನಿ. ನಿಮ್ಮ ಈಗಿನ ಸೈಕಲ್ಲಿನಲ್ಲಿ 100 ಮಿ.ಮೀ. ಪೂರ್ತಿ ಕುಸಿದರೆ 69 ಇದ್ದದ್ದು 73.5 ಆಗುತ್ತದೆ. ಅದೇ ಚೌಕಟ್ಟಿಗೆ 140 ಹಾಕಿಸಿ. ನಿಂತಾಗ 67.2 ಡಿಗ್ರಿ ತೋರಿಸುತ್ತದೆ, ಮನಸ್ಸಿಗೆ ಹಿತವಾಗುತ್ತದೆ. ಆದರೆ ಪೂರ್ತಿ ಕುಸಿದಾಗ? ಮತ್ತೆ ಅದೇ 73.5. ಕಾರಣ ಸರಳ: ಪೂರ್ತಿ ಒತ್ತಿ ಹೋದ ಮೇಲೆ 100ರ ಫೋರ್ಕಿಗೂ 140ರ ಫೋರ್ಕಿಗೂ ಉಳಿಯುವ ಉದ್ದ ಹೆಚ್ಚುಕಡಿಮೆ ಒಂದೇ. ಫೋರ್ಕಿನಿಂದ ಗಳಿಸಿದ ಆಂಗಲ್ ಬೇಕಾದ ಹೊತ್ತಿನಲ್ಲಿ ಕೈಕೊಡುತ್ತದೆ. ಚೌಕಟ್ಟಿನಲ್ಲೇ ಇರುವ ಆಂಗಲ್ ಕೊನೆಯವರೆಗೂ ಜೊತೆಗಿರುತ್ತದೆ.

ಇದೇ ಲೆಕ್ಕವನ್ನು ನಿಮ್ಮ ಎರಡನೆಯ ಆಯ್ಕೆಗೂ ಹಾಕಿ ನೋಡಿ. 150 ಟ್ರಾವೆಲ್, 64 ಡಿಗ್ರಿಯ ಹಾರ್ಡ್‌ಟೇಲ್ ಪೂರ್ತಿ ಕುಸಿದಾಗ ಸುಮಾರು 70.7ಕ್ಕೆ ಬರುತ್ತದೆ. 120 ಟ್ರಾವೆಲ್, 65.5 ಡಿಗ್ರಿಯದ್ದು 70.9ಕ್ಕೆ. ಮರಳಿನ ಬಾಯಲ್ಲಿ ಎರಡೂ ಸಮಸಮ! ಉಳಿದ ಹೊತ್ತಿನಲ್ಲೆಲ್ಲ 64 ಡಿಗ್ರಿಯ ಭಾರ ನೀವೇ ಹೊರಬೇಕು. ಸಾಣಾಪುರದ ಹಿಂದಿನ ಏರುಗಳಂಥ ಕಡೆ, ಎರಡು ಗುಂಡುಗಳ ಸಂದಿಯಲ್ಲಿ ನಡಿಗೆಯ ವೇಗದಲ್ಲಿ ಹತ್ತುವಾಗ, ಆಂಗಲ್ ತಗ್ಗಿದ ಸೈಕಲ್ಲಿನ ಮುಂಚಕ್ರ ಸ್ವಲ್ಪ ತಿರುಗಿಸಿದರೆ ಸಾಕು, ತಾನೇ ಇನ್ನಷ್ಟು ಮಗುಚಿಕೊಳ್ಳುತ್ತದೆ. ಅದನ್ನು ಹಿಡಿದಿಡುವುದರಲ್ಲೇ ತೋಳು ಸೋಲುತ್ತದೆ. ಬಂಡೆಯವರೆಗೆ ತಲುಪಲು ಕಾಲುವೆ ದಂಡೆ, ಗದ್ದೆ ಬದಿಯ ದಾರಿಯಲ್ಲಿ ಎಷ್ಟು ದೂರ ತುಳಿಯುತ್ತೇವೆ ಎಂಬುದನ್ನೂ ಮರೆಯಬೇಡಿ. ನಮ್ಮ ಭಾಗದಲ್ಲಿ ಇಳಿಯುವ ನಿಮಿಷಗಳು ಕಡಿಮೆ, ತುಳಿಯುವ ಗಂಟೆಗಳು ಹೆಚ್ಚು.

ಸಂಡೂರಿನ ಮಾತು ಬೇರೆ. ಅಲ್ಲಿ ಇಳಿಜಾರು ಉದ್ದ, ಕೆಂಪು ಅದಿರಿನ ಹರಳು ಟೈರಿನ ಕೆಳಗೆ ಉರುಳುತ್ತಲೇ ಇರುತ್ತದೆ, ವೇಗ ಏರುತ್ತದೆ. ಅಲ್ಲೇ ಪ್ರತಿ ವಾರ ಓಡಿಸುವವರಾಗಿದ್ದರೆ 140 ಮತ್ತು 65ರ ಕಡೆ ಹೋಗಿ ಎನ್ನುತ್ತಿದ್ದೆ. ವರ್ಷಕ್ಕೊಮ್ಮೆ ಹೋಗುವ ಜಾಗಕ್ಕಾಗಿ ವರ್ಷವಿಡೀ ಓಡಿಸುವ ಸೈಕಲ್ ಆರಿಸಬೇಡಿ.

ಫುಲ್ ಸಸ್ಪೆನ್ಷನ್ ಸೈಕಲ್ಲುಗಳ ಆಂಗಲ್ ಪಟ್ಟಿ ನೋಡಿ ಹಾರ್ಡ್‌ಟೇಲಿಗೆ ಹೋಲಿಸುವುದನ್ನೂ ಬಿಡಿ. ಅವುಗಳಲ್ಲಿ ಕೂತಾಗ ಹಿಂದೆಯೂ ಮುಂದೆಯೂ ಒಟ್ಟಿಗೆ ತಗ್ಗುವುದರಿಂದ ಆಂಗಲ್ ಹೆಚ್ಚು ಬದಲಾಗುವುದಿಲ್ಲ. ಹಾರ್ಡ್‌ಟೇಲಿನಲ್ಲಿ 120ರ ಫೋರ್ಕಿಗೆ 20 ಶೇಕಡಾ ಸ್ಯಾಗ್ (ಸವಾರನ ಭಾರಕ್ಕೇ ಫೋರ್ಕ್ ತಗ್ಗುವ ಪ್ರಮಾಣ) ಕೊಟ್ಟರೆ 24 ಮಿ.ಮೀ. ತಗ್ಗಿ, ಪಟ್ಟಿಯ 65.5 ಕೂತ ಕೂಡಲೇ 66.6 ಆಗಿರುತ್ತದೆ.

ಈ ಚರ್ಚೆಯಲ್ಲಿ ಟ್ರಾವೆಲ್ ಸಂಖ್ಯೆಯೇ ದೇವರಾಗಿಬಿಟ್ಟಿದೆ. ನನಗೆ ಅದು ಬೇಸರ ತರಿಸುತ್ತದೆ. 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ಗ್ರೆಗ್ ಹರ್ಬೋಲ್ಡ್ ಡೌನ್‌ಹಿಲ್ ವಿಶ್ವ ಚಾಂಪಿಯನ್ ಆದಾಗ ಅವರ ಸೈಕಲ್ಲಿನಲ್ಲಿದ್ದದ್ದು ರಾಕ್‌ಶಾಕ್ಸ್ ಆರ್‌ಎಸ್-1 ಫೋರ್ಕ್. ಟ್ರಾವೆಲ್ 50 ಮಿ.ಮೀ.ಗೂ ಕಡಿಮೆ. ಆ ಕಾಲದ ಸೈಕಲ್ಲುಗಳ ಹೆಡ್ ಆಂಗಲ್ ಸಾಮಾನ್ಯವಾಗಿ 71 ಡಿಗ್ರಿ. ಅಲ್ಲಿಂದ ಇಲ್ಲಿಯವರೆಗೆ ಬಂದ ನಿಜವಾದ ಸುಧಾರಣೆಯಲ್ಲಿ ಫೋರ್ಕ್ ಕುಸಿಯುವ, ಮೇಲೇಳುವ ವೇಗಕ್ಕೆ ಕಡಿವಾಣ ಹಾಕುವ ಒಳಗಿನ ಡ್ಯಾಂಪರಿನ ಪಾಲು ಉದ್ದದ ಪಾಲಿಗಿಂತ ಕಡಿಮೆಯಲ್ಲ. ಅಗ್ಗದ 140ರ ಫೋರ್ಕ್ ಬಂಡೆಯಿಂದ ಇಳಿಯುವಾಗ ಒಮ್ಮೆಲೇ ಕುಸಿದು, ಮರುಕ್ಷಣ ಒದ್ದು ಮೇಲೇಳುತ್ತದೆ. ಒಳ್ಳೆಯ ಡ್ಯಾಂಪರಿನ 120 ತನ್ನ ಟ್ರಾವೆಲನ್ನು ಉಳಿಸಿಕೊಂಡು ಇಳಿಯುತ್ತದೆ. ಒಂದೇ ಬೆಲೆಗೆ ಎರಡೂ ಸಿಕ್ಕರೆ ಕಣ್ಣುಮುಚ್ಚಿ ಎರಡನೆಯದನ್ನು ತೆಗೆದುಕೊಳ್ಳಿ. ಫೋರ್ಕಿನ ಮೇಲಿನ ಕೊಳವೆಗಳ ವ್ಯಾಸ 34 ಅಥವಾ 35 ಮಿ.ಮೀ. ಇರಲಿ, 30 ಮಿ.ಮೀ.ನ ತೆಳು ಕಾಲುಗಳು ಕಲ್ಲಿನ ಸಂದಿಯಲ್ಲಿ ಬ್ರೇಕ್ ಹಿಡಿದಾಗ ತಿರುಚಿಕೊಳ್ಳುತ್ತವೆ.

ಈಗಿನ ಚೌಕಟ್ಟಿಗೆ 140 ಬೇಡ ಎನ್ನಲು ಇನ್ನೂ ಗಟ್ಟಿ ಕಾರಣಗಳಿವೆ. 40 ಮಿ.ಮೀ. ಎತ್ತರಿಸಿದರೆ ಪೆಡಲಿನ ಅಚ್ಚು ಸುಮಾರು 14 ಮಿ.ಮೀ. ಮೇಲೇರುತ್ತದೆ, ಹ್ಯಾಂಡಲ್ 20 ಮಿ.ಮೀ.ನಷ್ಟು ಹಿಂದಕ್ಕೆ, ನಿಮ್ಮ ಕಡೆಗೆ ಬರುತ್ತದೆ, ಸೀಟಿನ ಕೊಳವೆ ಸುಮಾರು ಎರಡು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಮೂರೂ ಸೇರಿ ಏರು ಹತ್ತುವಾಗ ಮುಂಚಕ್ರ ನೆಲ ಬಿಡುತ್ತದೆ. ಅದಕ್ಕಿಂತ ಗಂಭೀರವಾದದ್ದು ಚೌಕಟ್ಟಿನ ಗತಿ. ಉದ್ದದ ಫೋರ್ಕ್ ಸನ್ನೆಕೋಲಾಗಿ ಕೆಲಸ ಮಾಡಿ ಹೆಡ್ ಟ್ಯೂಬೂ (ಫೋರ್ಕ್ ತೂರುವ ಮುಂದಿನ ಕೊಳವೆ) ಡೌನ್ ಟ್ಯೂಬೂ (ಅಲ್ಲಿಂದ ಪೆಡಲಿನ ಕಡೆಗೆ ಇಳಿಯುವ ಕೊಳವೆ) ಸೇರುವ ಬೆಸುಗೆಯ ಮೇಲೆ ಒತ್ತಡ ಹಾಕುತ್ತದೆ. ತಯಾರಕರು ಹೇಳಿದ ಗರಿಷ್ಠ ಟ್ರಾವೆಲ್ ಮೀರಿದರೆ ವಾರಂಟಿಯೂ ಹೋಗುತ್ತದೆ, ಬೆಸುಗೆ ಬಿರುಕು ಬಿಟ್ಟರೆ ಹಲ್ಲೂ ಹೋಗಬಹುದು. 100ಕ್ಕೆ ಮಾಡಿದ ಚೌಕಟ್ಟಿಗೆ ತಯಾರಕರ ಒಪ್ಪಿಗೆ ಇದ್ದರೆ 120ರವರೆಗೆ ಹೋಗಿ, ಅಲ್ಲಿಗೇ ನಿಲ್ಲಿಸಿ. ಕೊಳ್ಳುವ ಮೊದಲು ಹೆಡ್ ಟ್ಯೂಬ್ ಟೇಪರ್ಡ್ ಸ್ಟೀರರ್ (ಕೆಳಗೆ ದಪ್ಪ, ಮೇಲೆ ತೆಳುವಾದ ಫೋರ್ಕಿನ ಕತ್ತು) ಒಪ್ಪುತ್ತದೆಯೇ, ಮುಂಚಕ್ರದ ಹಬ್ 15 ಮಿ.ಮೀ. ಅಚ್ಚಿನದೋ ಹಳೆಯ ಕ್ವಿಕ್ ರಿಲೀಸ್‌ನದೋ (ತೆಳು ಅಚ್ಚು, ಸನ್ನೆ ತಿರುಗಿಸಿ ಬಿಗಿಯುವುದು) ನೋಡಿ. ಇವು ಹೊಂದದಿದ್ದರೆ ಫೋರ್ಕಿನ ಜೊತೆ ಚಕ್ರವನ್ನೂ ಕೊಳ್ಳಬೇಕಾದೀತು. ಆಗ ಹೊಸ ಸೈಕಲ್ಲಿನ ಮಾತೇ ಲೇಸು. ಹೆಡ್ ಟ್ಯೂಬ್ ಅಗಲವಾಗಿದ್ದರೆ ಆಂಗಲ್ ಹೆಡ್‌ಸೆಟ್ ಎಂಬ ಓರೆ ಬಟ್ಟಲುಗಳನ್ನು ಕೂರಿಸಿ ಒಂದರಿಂದ ಒಂದೂವರೆ ಡಿಗ್ರಿ ತಗ್ಗಿಸಬಹುದು. ಇದು ಪೂರ್ತಿ ಕುಸಿದಾಗಲೂ ಉಳಿಯುವ ಡಿಗ್ರಿ, ಪೆಡಲಿನ ಅಚ್ಚೂ ಏರುವುದಿಲ್ಲ. ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯ ಬದಲಾವಣೆ ನನಗೆ ಕಂಡಿಲ್ಲ.

ಕೊಳ್ಳುವ ಸೈಕಲ್ಲಿನ ಆಂಗಲನ್ನು ನೀವೇ ಅಳೆಯಿರಿ. ಮೊಬೈಲಿನಲ್ಲಿ ಕೋನ ಅಳೆಯುವ ಆ್ಯಪ್ ಸಿಗುತ್ತದೆ. ಹ್ಯಾಂಡಲ್ ನೇರ ಇಟ್ಟು, ಮೊಬೈಲಿನ ಅಂಚನ್ನು ಫೋರ್ಕಿನ ಮೇಲಿನ ಹೊಳೆಯುವ ಕೊಳವೆಗೆ ಉದ್ದಕ್ಕೆ ಒತ್ತಿ ಹಿಡಿಯಿರಿ. ಸಾಮಾನ್ಯ ಸಸ್ಪೆನ್ಷನ್ ಫೋರ್ಕುಗಳಲ್ಲಿ ಆ ಕೊಳವೆ ಹೆಡ್ ಟ್ಯೂಬಿಗೆ ಸಮಾಂತರ. ಆದರೆ ನಮ್ಮ ಕಡೆಯ ಕಡಪ ಕಲ್ಲಿನ ನೆಲಗಳಲ್ಲಿ ನೀರು ಹರಿದುಹೋಗಲೆಂದು ಬೇಕೆಂದೇ ವಾಟ ಕೊಟ್ಟಿರುತ್ತಾರೆ. ಅದೇ ಅರ್ಧ, ಒಂದು ಡಿಗ್ರಿ ಸುಳ್ಳು ಹೇಳಿಸುತ್ತದೆ. ಒಮ್ಮೆ ಅಳೆದ ಮೇಲೆ ಚಕ್ರಗಳಿದ್ದ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿ, ಸೈಕಲ್ಲನ್ನು ತಿರುಗಿಸಿ ಅದೇ ಗುರುತುಗಳ ಮೇಲೆ ನಿಲ್ಲಿಸಿ ಮತ್ತೆ ಅಳೆಯಿರಿ. ಎರಡರ ಸರಾಸರಿಯೇ ನಿಜವಾದ ಆಂಗಲ್. ಆಮೇಲೆ ಗೆಳೆಯರೊಬ್ಬರಿಗೆ ಹಿಂದಿನಿಂದ ಸೈಕಲ್ ಹಿಡಿಯಲು ಹೇಳಿ, ನೀರಿನ ಚೀಲ ಸಮೇತ ಪೆಡಲ್ ಮೇಲೆ ನಿಂತು ಇನ್ನೊಮ್ಮೆ ಅಳೆಸಿರಿ. ನೀವು ಓಡಿಸುವುದು ಆ ಕೊನೆಯ ಸಂಖ್ಯೆಯನ್ನು.

ಏರ್ ಫೋರ್ಕ್ ಕೊಂಡರೆ ನಮ್ಮ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಳಗಿನ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 80 ಪಿಎಸ್‌ಐ ತುಂಬಿದ ಗಾಳಿ ಮಧ್ಯಾಹ್ನದ 42 ಡಿಗ್ರಿಯಲ್ಲಿ 85ರ ಹತ್ತಿರ ಹೋಗುತ್ತದೆ, ಸ್ಯಾಗ್ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಹಾದಿಗೆ ಬಂದು, ಫೋರ್ಕ್ ಕಾದ ಮೇಲೆ ಗಾಳಿ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಸಂಡೂರಿನ ಕೆಂಪು ಧೂಳು ಸೀಲುಗಳನ್ನು ಬೇಗ ತಿನ್ನುತ್ತದೆ. ಕೆಳಗಿನ ಕಾಲುಗಳ ಎಣ್ಣೆ ಬದಲಾವಣೆಗೆ ರಾಕ್‌ಶಾಕ್ಸ್ ಹೇಳುವ 50 ಗಂಟೆಗಳ ಮಿತಿಯನ್ನು ಇಲ್ಲಿ ಮೀರಲೇಬೇಡಿ. ಮಳೆ ಬಿದ್ದ ಮೇಲೆ ಎರೆ ಹೊಲದ ದಾರಿಗೆ ಇಳಿಯಬೇಡಿ, ಯಾವ ಫೋರ್ಕಿನ ಕಮಾನಿನ ಕೆಳಗೂ ಆ ಮಣ್ಣು ಚಕ್ರವನ್ನು ತಿರುಗಗೊಡುವುದಿಲ್ಲ.

ಫೋರ್ಕಿನಲ್ಲಿ ಉಳಿಸಿದ ಹಣ ಟೈರಿಗೆ ಹಾಕಿ. ಇಲ್ಲಿನ ನಿಜವಾದ ಶತ್ರು ಬಳ್ಳಾರಿ ಜಾಲಿಯ ಮುಳ್ಳು. 2.4 ಇಂಚಿನ, ಗಟ್ಟಿ ಗೋಡೆಯ ಟ್ಯೂಬ್‌ಲೆಸ್ ಟೈರ್, ಒಳಗೆ ತೂತನ್ನು ತಾನೇ ಮುಚ್ಚುವ ಸೀಲೆಂಟ್ ದ್ರವ, ಮುಂದೆ ಸ್ವಲ್ಪ ಕಡಿಮೆ ಗಾಳಿ. ಮರಳಿನ ಬಾಯಲ್ಲಿ ಇದು ಕೊಡುವ ನೆಮ್ಮದಿಯನ್ನು ಹೆಚ್ಚುವರಿ 20 ಮಿ.ಮೀ. ಟ್ರಾವೆಲ್ ಕೊಡುವುದಿಲ್ಲ. ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು) 50 ಮಿ.ಮೀ. ಅಥವಾ ಅದಕ್ಕಿಂತ ಗಿಡ್ಡ ಇರಲಿ.

ಒಂದು ವಿನಂತಿಯೂ ಇದೆ. ಆನೆಗೊಂದಿ ಹಂಪಿ ವಿಶ್ವ ಪರಂಪರೆ ಪ್ರದೇಶದ ವ್ಯಾಪ್ತಿಯಲ್ಲಿದೆ. ಮಂಟಪದ ಜಗಲಿ, ಹಳೆಯ ಮೆಟ್ಟಿಲು, ಹಿರೇಬೆಣಕಲ್ ಗುಡ್ಡದ ಶಿಲಾಸಮಾಧಿಗಳ ಆಸುಪಾಸು ಇವೆಲ್ಲ ಸೈಕಲ್ ಇಳಿಸುವ ಜಾಗಗಳಲ್ಲ, ಎಷ್ಟೇ ಆಸೆ ಹುಟ್ಟಿಸಿದರೂ. ಸಂಜೆ ಹೊತ್ತು ಮುಳುಗುವ ಮೊದಲೇ ಬಂಡೆಗಳಿಂದ ಹೊರಬನ್ನಿ. ಕರಡಿ, ಚಿರತೆ ಎರಡೂ ಈ ಗುಡ್ಡಗಳಲ್ಲಿವೆ.

ನಿಮ್ಮ ಹೆಡ್ ಟ್ಯೂಬಿನ ಮೇಲಿನ ಮತ್ತು ಕೆಳಗಿನ ತುದಿಯ ಒಳವ್ಯಾಸವನ್ನು ವರ್ನಿಯರ್ ಇಟ್ಟು ಅಳೆದು ಬರೆಯಿರಿ. ಕೆಳಗೆ 44 ಅಥವಾ 56 ಮಿ.ಮೀ. ಇದ್ದರೆ ಯಾವ ಆಂಗಲ್ ಹೆಡ್‌ಸೆಟ್ ಕೂರುತ್ತದೆ, ಎಷ್ಟು ಡಿಗ್ರಿ ಸಿಗುತ್ತದೆ ಎಂದು ಲೆಕ್ಕ ಹಾಕಿ ಇಲ್ಲೇ ತಿಳಿಸುತ್ತೇನೆ. 34 ಮಿ.ಮೀ.ನ ನೇರ ಕೊಳವೆಯಾಗಿದ್ದರೆ ಆ ಚೌಕಟ್ಟಿಗೆ ಇನ್ನು ಖರ್ಚು ಮಾಡದೆ, ನೇರವಾಗಿ 65.5 ಡಿಗ್ರಿಯ ಸೈಕಲ್ ಹುಡುಕಲು ಶುರು ಮಾಡಿ.