ಕೆಟ್ಟಿದ್ದು ನಾಕ್ ಸೆನ್ಸರೋ, ಅದರ ವೈರೋ?

ಪ್ರಶ್ನೆ: ನನ್ನದು 2006ರ ಪೆಟ್ರೋಲ್ ಸೆಡಾನ್. ಆರ್‌ಟಿಓದಲ್ಲಿ ಮತ್ತೆ ಐದು ವರ್ಷಕ್ಕೆ ಪಾಸಿಂಗ್ ಮಾಡಿಸಿಕೊಂಡಿದ್ದೇನೆ. ಮೂರು ತಿಂಗಳ ಹಿಂದೆ ಚೆಕ್ ಎಂಜಿನ್ ದೀಪ ಹತ್ತಿತು. ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ಪಿ0325 ಕೋಡ್ ತೋರಿಸಿ ‘ನಾಕ್ ಸೆನ್ಸರ್ ಗೇಲಾ (ಹೋಯ್ತು), ಸಾಹೇಬ್’ ಅಂದ. ಹೊಸದು ಹಾಕಿಸಿದೆ. ಹದಿನೈದೇ ದಿನಕ್ಕೆ ದೀಪ ವಾಪಸ್. ಬೋರ್‌ಘಾಟ್ ಹತ್ತುವಾಗ ಗಾಡಿ ಎಳೆಯುವುದೇ ಇಲ್ಲ, ಆವರೇಜೂ ಇಳಿದಿದೆ. ಈಗ ಇನ್ನೊಂದು ಸೆನ್ಸರ್ ಹಾಕೋಣ ಅನ್ನುತ್ತಿದ್ದಾನೆ. ಗಣಪತಿ ಹಬ್ಬಕ್ಕೆ ಧಾರವಾಡಕ್ಕೆ ಹೋಗಬೇಕು. ಹಾಕಿಸಲೇ? (ಡೊಂಬಿವಲಿಯ ಓದುಗರು)

ಉತ್ತರ: ಸದ್ಯಕ್ಕೆ ಬೇಡ. ಪಿ0325 ಅಂದರೆ ‘ಸೆನ್ಸರ್ ಕೆಟ್ಟಿದೆ’ ಅಂತಲ್ಲ, ‘ನಾಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ಏನೋ ಸರಿಯಿಲ್ಲ’ ಅಂತ. ಸರ್ಕ್ಯೂಟ್ ಅಂದಮೇಲೆ ಸೆನ್ಸರ್, ಅದಕ್ಕೆ ವೈರು ಸಿಕ್ಕಿಸುವ ಕಪ್ಲರ್, ವೈರು, ಕೊನೆಗೆ ಇಸಿಯು ಅಂದರೆ ಎಂಜಿನ್ನಿನ ಕಂಪ್ಯೂಟರ್ ಎಲ್ಲವೂ ಬಂತು. ನಿಮ್ಮ ಮೆಕ್ಯಾನಿಕ್ ನಾಲ್ವರಲ್ಲಿ ಒಬ್ಬನನ್ನು ಮಾತ್ರ ಹಿಡಿದು ಶಿಕ್ಷೆ ಕೊಟ್ಟಿದ್ದಾನೆ.

ಈ ಸೆನ್ಸರ್ ಎಂಜಿನ್ ಬ್ಲಾಕಿಗೆ ಅಂಟಿಸಿಟ್ಟ ಕಿವಿ ಇದ್ದಂತೆ. ಒಳಗೊಂದು ಪೀಜೋ ಬಿಲ್ಲೆ ಇರುತ್ತದೆ. ಅದು ಅದುರಿದರೆ ಚೂರು ವೋಲ್ಟೇಜ್ ಹುಟ್ಟುತ್ತದೆ. ಸಿಲಿಂಡರಿನಲ್ಲಿ ಪೆಟ್ರೋಲು ಹದವಾಗಿ ಉರಿಯುವ ಬದಲು ಒಂದು ಮೂಲೆಯಲ್ಲಿ ತಾನಾಗಿ ಸಿಡಿದಾಗ (ಇದೇ ನಾಕಿಂಗ್) ಬ್ಲಾಕ್ ಒಂದು ನಿರ್ದಿಷ್ಟ ಸ್ವರದಲ್ಲಿ ಕಂಪಿಸುತ್ತದೆ. ನಿಮ್ಮ ಗಾಡಿಯ ಅಳತೆಯ ಎಂಜಿನ್ನಿನಲ್ಲಿ ಅದು ಸೆಕೆಂಡಿಗೆ ಸುಮಾರು ಏಳು ಸಾವಿರ ಕಂಪನ. ನಮ್ಮ ಕಿವಿಗೆ ಕೇಳುವುದು ಸ್ಟೀಲ್ ಡಬ್ಬಿಯಲ್ಲಿ ಹುಣಸೆ ಬೀಜ ಅಲುಗಿಸಿದ ಹಾಗೆ. ಇಸಿಯು ಆ ಸ್ವರವನ್ನಷ್ಟೇ, ಅದೂ ಪಿಸ್ಟನ್ ತುದಿ ಮುಟ್ಟಿ ಇಳಿಯತೊಡಗಿದ ಆ ಒಂದು ಕ್ಷಣದಲ್ಲಿ ಮಾತ್ರ ಆಲಿಸಿ, ಕೇಳಿಸಿದರೆ ಸ್ಪಾರ್ಕ್ ಟೈಮಿಂಗನ್ನು ಸ್ವಲ್ಪ ಹಿಂದಕ್ಕೆ ಎಳೆಯುತ್ತದೆ, ಅಂದರೆ ಕಿಡಿಯನ್ನು ತುಸು ತಡವಾಗಿ ಹಾರಿಸುತ್ತದೆ. ಕಿವಿಯೇ ಕೇಳಿಸುತ್ತಿಲ್ಲ ಅಂತ ಗೊತ್ತಾದರೆ? ಎಂಜಿನ್ ಉಳಿಯಲಿ ಅಂತ ಟೈಮಿಂಗನ್ನು ಕಾಯಮ್ಮಾಗಿ ಹಿಂದೆಯೇ ಇಡುತ್ತದೆ. ನಿಮ್ಮ ಪಿಕಪ್, ಆವರೇಜ್ ಎರಡೂ ಹೋಗಿದ್ದು ಅದಕ್ಕೇ. ಕಾಟಾಚಾರದ ದೀಪವಲ್ಲ ಇದು.

ಮೊದಲು ಇಲಿಯನ್ನು ಅನುಮಾನಿಸಿ. ನಗೆಯಾಡುತ್ತಿಲ್ಲ. ಮಳೆಗಾಲದಲ್ಲಿ ಸೊಸೈಟಿಯ ಪಾರ್ಕಿಂಗಿನಲ್ಲಿ ನಿಂತ ಗಾಡಿಯ ಬಾನೆಟ್ಟಿನಷ್ಟು ಬೆಚ್ಚಗಿನ ಜಾಗ ಇಲಿಗೆ ಮತ್ತೊಂದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಚಿಂಚವಡದ ಗ್ಯಾರೇಜಿಗೆ ಕಡಿದ ವೈರಿನ ಗಾಡಿ ಬಾರದ ವಾರವಿಲ್ಲ. ನಾಕ್ ಸೆನ್ಸರಿನ ವೈರು ಮಾಮೂಲಿ ವೈರಲ್ಲ, ಮೇಲೆ ಜಾಳಿಗೆ ಹೆಣೆದ ಶೀಲ್ಡ್ ವೈರು. ಸಿಗ್ನಲ್ ಅಷ್ಟು ಸಣ್ಣದು. ಪಕ್ಕದ ಇಗ್ನಿಷನ್ ವೈರಿನ ಗದ್ದಲ ಅದರೊಳಗೆ ನುಗ್ಗಬಾರದು. ಕಡಿದಲ್ಲಿ ಯಾರೋ ಸಾದಾ ವೈರು ಜೋಡಿಸಿ ಟೇಪ್ ಸುತ್ತಿದ್ದರೆ ಎಂಥ ಒರಿಜಿನಲ್ ಸೆನ್ಸರ್ ಹಾಕಿದರೂ ಕೋಡ್ ತಿರುಗಿ ಬರುತ್ತದೆ. ಸೆನ್ಸರಿನಿಂದ ಇಸಿಯುವರೆಗೆ ವೈರಿನ ಕಂಟಿನ್ಯೂಟಿ (ನಡುವೆ ಎಲ್ಲೂ ತುಂಡಾಗಿಲ್ಲವೇ ಅನ್ನುವುದು), ಶೀಲ್ಡಿನ ಅರ್ಥಿಂಗ್, ಕಪ್ಲರಿನ ಪಿನ್ನು, ಮೂರನ್ನೂ ನೋಡಿಸಿ.

ಆಮೇಲೆ ಸೆನ್ಸರ್. ಮಲ್ಟಿಮೀಟರಿನಲ್ಲಿ ಓಮ್ ನೋಡಿ ‘ಓಪನ್ ತೋರಿಸ್ತಿದೆ, ಸತ್ತಿದೆ’ ಅನ್ನುವವರಿದ್ದಾರೆ. ಪೀಜೋ ಬಿಲ್ಲೆಗೆ ಕೆಲವು ಗಾಡಿಗಳಲ್ಲಿ ಹತ್ತಾರು ಲಕ್ಷ ಓಮ್ ಇರುವುದೇ ಸಹಜ. ಕೆಲವಕ್ಕೆ ಒಳಗೇ ರೆಸಿಸ್ಟರ್ ಇರುವುದರಿಂದ ಕೆಲವು ಲಕ್ಷ. ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ ನೋಡದೆ ಆ ಅಂಕಿಗೆ ಅರ್ಥವಿಲ್ಲ. ನಾನು ಮಾಡುವುದು ಇಷ್ಟೇ: ಎಂಜಿನ್ ಬಂದ್ ಮಾಡಿ, ಕಪ್ಲರ್ ಬಿಚ್ಚಿ, ಮೀಟರನ್ನು ಎಸಿ ಮಿಲಿವೋಲ್ಟಿಗೆ ಇಟ್ಟು, ಸೆನ್ಸರಿನ ಪಕ್ಕದ ಬ್ಲಾಕಿಗೆ ಸಣ್ಣ ಪಾನಾದಿಂದ ತಟ್ಟುವುದು. ಅಂಕಿ ಜಿಗಿದರೆ ಜೀವ ಇದೆ. ಸೆನ್ಸರಿಗೇ ಬಡಿಯಬೇಡಿ, ಬಿಲ್ಲೆ ಒಡೆದೀತು.

ಇನ್ನು, ಹೊಸದನ್ನು ಹೇಗೆ ಕೂರಿಸಿದರು ಅನ್ನುವುದು. ನನ್ನ ಅನುಭವದಲ್ಲಿ ಹೊಸ ಸೆನ್ಸರ್ ಸೋಲುವುದು ಹೆಚ್ಚಾಗಿ ಇಲ್ಲಿಯೇ. ವಡೆಯಂತೆ ನಡುವೆ ತೂತಿರುವ ಚಪ್ಪಟೆ ಸೆನ್ಸರ್ ಆದರೆ ಅದರ ಬೋಲ್ಟಿಗೆ ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಟಾರ್ಕ್, ಮಿಸ್ತ್ರಿಗಳ ಲೆಕ್ಕದಲ್ಲಿ ಎರಡು ಕೆಜಿ. ಬ್ಲಾಕಿನ ಅದುರು ಬಿಲ್ಲೆಗೆ ಸರಿಯಾಗಿ ದಾಟುವುದು ಅಷ್ಟು ಒತ್ತಡದಲ್ಲೇ. ಸಡಿಲವಾದರೆ ಕಿವುಡು, ಹಟ ಹಿಡಿದು ಬಿಗಿದರೆ ಬಿಲ್ಲೆ ಬಿರುಕು. ‘ಕೈ ಅಂದಾಜು ನನಗೆ ಗೊತ್ತು’ ಅನ್ನುವ ಮೆಕ್ಯಾನಿಕ್‌ಗೆ ಬೇರೆ ಎಲ್ಲಾದರೂ ಕೆಲಸ ಕೊಡಿ, ಇಲ್ಲಿ ಟಾರ್ಕ್ ರೆಂಚ್ ಬೇಕೇ ಬೇಕು. ಕೂರುವ ಜಾಗದ ತುಕ್ಕು, ಹಳೆ ಆಯಿಲ್ ಒರೆಸಿ ಲೋಹ ಹೊಳೆಯಬೇಕು. ವಾಷರ್, ಗ್ರೀಸ್, ಸೀಲೆಂಟ್ ಯಾವುದೂ ನಡುವೆ ಬೇಡ. ಬೋಲ್ಟೂ ಅದೇ ಉದ್ದದ್ದು, ಅದೇ ಜಾತಿಯದ್ದು. ತನಗೇ ಚೂಡಿ (ತಿರುಪಿನ ಎಳೆ) ಇರುವ ಹಳೆ ಮಾದರಿಯ ಸೆನ್ಸರ್ ಆಗಿದ್ದರೆ ಟಾರ್ಕ್ ಬೇರೆ, ಮ್ಯಾನ್ಯುಯಲ್ ನೋಡಲೇಬೇಕು.

ಅನೇಕ ಎಂಜಿನ್‌ಗಳಲ್ಲಿ ಇದು ಗಾಳಿ ಒಯ್ಯುವ ಕೊಳವೆಗಳ ಗುಂಪಾದ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅಡಗಿರುವುದರಿಂದ ಕೈ ತೂರುವುದೇ ಕಷ್ಟ, ಮ್ಯಾನಿಫೋಲ್ಡ್ ಬಿಚ್ಚಬೇಕಾಗುತ್ತದೆ. ಹಾಗಿದ್ದರೆ ಗ್ಯಾಸ್ಕೆಟ್ ಹೊಸದೇ ಹಾಕಿಸಿ. ಒಮ್ಮೆ ಬಿಚ್ಚಿದ ಕೂಲಿಗೆ ವೈರನ್ನೂ ಪೂರ್ತಿ ನೋಡಿಸಿಬಿಡಿ. ಕೊನೆಗೆ ಕೋಡ್ ಅಳಿಸಿ ಓಡಿಸುವುದು. ಕಲ್ಯಾಣದ ಟ್ರಾಫಿಕ್ಕಿನಲ್ಲಿ ಎಷ್ಟು ಓಡಿಸಿದರೂ ನಿಜ ಹೊರಬೀಳುವುದಿಲ್ಲ, ಭಾರ ಬೀಳಬೇಕು. ಖೋಪೋಲಿಯಿಂದ ಖಂಡಾಳಕ್ಕೆ ಬೋರ್‌ಘಾಟನ್ನು ಒಂದು ಸಲ ಹತ್ತಿಸಿ, ದೀಪ ಬರದಿದ್ದರೆ ಧಾರವಾಡದ ದಾರಿಯ ಖಂಬಾಟ್ಕಿ ಘಾಟನ್ನೂ ನಿಶ್ಚಿಂತೆಯಿಂದ ದಾಟುತ್ತೀರಿ. ಘಾಟಿನಲ್ಲಿ ಮಾತ್ರ ಐದನೇ ಗೇರಿನಲ್ಲಿ ಮುಕ್ಕಿರಿಯುವಂತೆ ಎಳೆಯಬೇಡಿ, ಮೂರನೆಯದಕ್ಕೆ ಇಳಿಸಿ.

ಪ್ರಶ್ನೆ: ನನ್ನ ಹಳೆ ಕಾರಿಗೆ ಸಿಎನ್‌ಜಿ ಕಿಟ್ ಇದೆ. ಸಿಎನ್‌ಜಿಯಲ್ಲಿ ಸದ್ದಿಲ್ಲ, ಪೆಟ್ರೋಲಿಗೆ ಹಾಕಿದರೆ ಚಡಾವಿನಲ್ಲಿ ಟರಟರ ಅನ್ನುತ್ತದೆ. ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲಿನದೇ ಕಿತಾಪತಿ ಅನ್ನುತ್ತಾರೆ. ಸೆನ್ಸರ್ ವೈರಿಗೆ ಒಂದು ರೆಸಿಸ್ಟರ್ ಕಟ್ಟಿದರೆ ದೀಪವೂ ಹೋಗುತ್ತದಂತೆ, ನಿಜವೇ? (ಹಡಪಸರ, ಪುಣೆ)

ಉತ್ತರ: ದೀಪ ಹೋಗಬಹುದು, ಹಿಂದೆಯೇ ಪಿಸ್ಟನ್ನೂ ಹೋಗುತ್ತದೆ. ರೆಸಿಸ್ಟರ್ ಕಟ್ಟುವುದೆಂದರೆ ‘ಎಲ್ಲ ಶಾಂತವಾಗಿದೆ’ ಅಂತ ಇಸಿಯುಗೆ ಸುಳ್ಳು ಹೇಳಿಸುವುದು. ಆಗ ಅದು ಟೈಮಿಂಗ್ ಹಿಂದಕ್ಕೆ ಎಳೆಯುವುದಿಲ್ಲ, ನಾಕಿಂಗ್ ನಡೆಯುತ್ತಲೇ ಇರುತ್ತದೆ.

ಸದ್ದಿಗೆ ಎಥನಾಲ್ ಕಾರಣವಲ್ಲ. ಎಥನಾಲಿನ ಆಕ್ಟೇನ್ (ನಾಕಿಂಗ್ ತಾಳುವ ಶಕ್ತಿಯ ಅಳತೆ) ಪೆಟ್ರೋಲಿಗಿಂತ ಹೆಚ್ಚು, ಅದು ನಾಕಿಂಗನ್ನು ತಡೆಯುವ ಪದಾರ್ಥ. ಹಳೆ ಗಾಡಿಯ ರಬ್ಬರ್ ಪೈಪುಗಳ ಬಗ್ಗೆ ದೂರಿದರೆ ಒಪ್ಪುತ್ತೇನೆ, ಇದಕ್ಕೆ ಒಪ್ಪಲಾರೆ. ನಿಮ್ಮ ಮಾತಿನಲ್ಲೇ ಸುಳಿವಿದೆ. ಸಿಎನ್‌ಜಿಯ ಆಕ್ಟೇನ್ 120ರ ಮೇಲೆ, ಅದು ಸುಲಭಕ್ಕೆ ನಾಕ್ ಆಗುವುದೇ ಇಲ್ಲ. ಆದರೆ ನಿಧಾನವಾಗಿ ಉರಿಯುವುದರಿಂದ ಕೆಲವು ಕಿಟ್ಟುಗಳ ಜೊತೆ ಸ್ಪಾರ್ಕ್ ಬೇಗ ಬರಿಸುವ ಟೈಮಿಂಗ್ ಅಡ್ವಾನ್ಸರ್ ಡಬ್ಬಿ ಕೂರಿಸುತ್ತಾರೆ. ಪೆಟ್ರೋಲಿಗೆ ಬದಲಾಯಿಸಿದಾಗ ಅದು ಸುಮ್ಮನಾಗಬೇಕು. ಆಗುತ್ತಿಲ್ಲದಿದ್ದರೆ ನಿಮ್ಮ ಟರಟರ ಬರುತ್ತದೆ. ಕಿಟ್ ಕೂರಿಸಿದವರ ಹತ್ತಿರ ಅದನ್ನು ಪರೀಕ್ಷಿಸಿ. ಅಂಥ ಡಬ್ಬಿಯೇ ಇಲ್ಲವೆಂದರೆ ಪ್ಲಗ್ಗಿನ ಹೀಟ್ ರೇಂಜ್, ರೇಡಿಯೇಟರ್ ಫ್ಯಾನ್, ಸಿಲಿಂಡರಿನೊಳಗಿನ ಕಾರ್ಬನ್, ಈ ಕ್ರಮದಲ್ಲಿ ನೋಡಿ. ಎಕ್ಸಾಸ್ಟಿನ ಹೀಟ್ ಶೀಲ್ಡ್ ತಗಡು ಸಡಿಲಾಗಿದ್ದರೂ ಇಂಥದ್ದೇ ಸದ್ದು, ಕೈಯಿಂದ ಅಲುಗಿಸಿದರೆ ತಿಳಿಯುತ್ತದೆ.

ಪ್ರಶ್ನೆ: ಸಮುದ್ರದ ಗಾಳಿಗೆ ನಾಕ್ ಸೆನ್ಸರಿನ ಕಪ್ಲರ್ ಹಸಿರುಗಟ್ಟಿದೆ. ಮುಂಬಯಿಯ ಕುರ್ಲಾದ ಗುಜರಿ ಬಜಾರಿನಿಂದ ಹಳೆ ಸೆನ್ಸರ್ ತರಿಸಿದರೆ ಹೇಗೆ? (ವಾಸ್ಕೋ, ಗೋವಾ)

ಉತ್ತರ: ಹಳೆ ಸೆನ್ಸರ್ ಬೇಡ. ಇಪ್ಪತ್ತು ವರ್ಷ ಎಂಜಿನ್ನಿನ ಕಾವು ಉಂಡದ್ದು, ಮೇಲಿಂದ ನೋಡಿದರೆ ಒಳಗಿನ ಬಿರುಕು ಕಾಣುವುದಿಲ್ಲ. ಆದರೆ ಅಂಗೈ ಉದ್ದ ಶೀಲ್ಡ್ ವೈರು ಸಮೇತ ಕಪ್ಲರ್ ಸಿಕ್ಕಿದರೆ ಧಾರಾಳವಾಗಿ ತರಿಸಿ, ಹೊಸದಾಗಿ ಬಿಡಿಯಾಗಿ ಅದು ಸಿಗುವುದು ಅಪರೂಪ. ಜೋಡಿಸುವಾಗ ಬೆಸುಗೆ ಹಾಕಿಸಿ, ಶೀಲ್ಡನ್ನೂ ಜೋಡಿಸಿ, ಮೇಲೆ ಹೀಟ್ ಶ್ರಿಂಕ್ ಕೊಳವೆ. ನಿಮ್ಮ ಸೆನ್ಸರಿನ ಪಿನ್ನನ್ನು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ತಿಕ್ಕಿ ನೋಡಿ. ಹಸಿರು ಬಿಟ್ಟರೆ ಹೊಸ ಸೆನ್ಸರೇ ಬೇಕಾಗಲಿಕ್ಕಿಲ್ಲ.